ಚಿತ್ರ ಒಂದು, ಮಾತು ಎರಡು

ನಮ್ಮ ಬೀದರ್ ಕಡೆಯವರಿಗೆ ಭಾಷೆ ಬದಲಿಸೋದು ಉಸಿರಾಡಿದಷ್ಟೇ ಸಲೀಸು. ಭಾಲ್ಕಿ ಪೇಟೆಯಲ್ಲಿ ಒಂದೇ ಅಂಗಡಿ ಮುಂದೆ ಕನ್ನಡ, ಮರಾಠಿ, ಉರ್ದು ಮೂರೂ ಕೇಳುತ್ತೆ. ಔರಾದ್ ಕಡೆ ಹೋದ್ರೆ ಮರಾಠಿ ಇನ್ನೂ ಜಾಸ್ತಿ. ಅದಕ್ಕೇ ಇರಬೇಕು, ಆಫೀಸಿನಲ್ಲಿ ಎವಿ ಸ್ವಿಚರ್ ಒಂದರ ಮ್ಯಾನುಯಲ್ ಓದುವಾಗ ನಂಗೆ ತಟ್ಟನೆ ನೆನಪಾಗಿದ್ದು 'ಸೈಟ್' ಪ್ರಯೋಗ.

ಗೊತ್ತಿಲ್ಲದವರಿಗೆ ಎರಡು ಮಾತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿವಿ ಬಂತು. ಅಹಮದಾಬಾದಿನಿಂದ ಕಾರ್ಯಕ್ರಮ ಮೇಲಕ್ಕೆ ಹೋಗ್ತಿತ್ತು, ಹಳ್ಳಿಯಲ್ಲಿ ಕೋಳಿ ಗೂಡಿನ ಜಾಲರಿಯಿಂದ ಮಾಡಿದ 3 ಮೀಟರ್ ಅಗಲದ ಡಿಶ್ ಅದನ್ನ ಹಿಡೀತಿತ್ತು. ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ಗುಲ್ಬರ್ಗಾ, ಬಿಜಾಪುರ, ರಾಯಚೂರು. ಪಕ್ಕದ ಆಂಧ್ರಕ್ಕೂ ಬಂತು. ಇವೆರಡರ ನಡುವೆ ಇದ್ದ ಬೀದರ್ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ! (ನಮಗಿದು ಹೊಸದೇನಲ್ಲ ಬಿಡಿ :) )

ನಂಗೆ ಕುತೂಹಲ ಹುಟ್ಟಿಸಿದ್ದು ಇದು: ಒಂದು ಚಿತ್ರದ ಜೊತೆ ಎರಡು ಧ್ವನಿ ಚಾನೆಲ್. ಅದೇ ಚಿತ್ರಕ್ಕೆ ಒಂದರಲ್ಲಿ ತೆಲುಗು, ಇನ್ನೊಂದರಲ್ಲಿ ಕನ್ನಡ ಕಳಿಸಬಹುದಿತ್ತು. ಆದ್ರೆ ಎಲ್ಲಾ ಒನ್-ವೇ. ಕೇಳಿಸ್ತಾ, ಅರ್ಥ ಆಯ್ತಾ ಅಂತ ತಿಳಿಯೋಕೆ ಸಂಶೋಧಕರೇ ಹೋಗಿ ಹಳ್ಳಿಯಲ್ಲಿ ಉಳೀಬೇಕಾಯ್ತು.

ಈಗ ಸ್ವಿಚರ್ ವಿಷಯ. ಭಾಲ್ಕಿಯ ಒಂದು ಸಭಾಂಗಣ ಅಂತ ಇಟ್ಕೊಳ್ಳಿ. ಪರದೆ ಮೇಲೆ ಮರಾಠಿ ಭಾಷಣ, ಅದು 3ನೇ ಇನ್‌ಪುಟ್. ಪಕ್ಕದ ಕೋಣೆಯಲ್ಲಿ ಕೂತು ಕನ್ನಡಕ್ಕೆ ಹೇಳ್ತಿರೋರ ಮೈಕು 5ನೇ ಇನ್‌ಪುಟ್. ಎಕ್ಸ್‌ಟ್ರಾನ್ ಮ್ಯಾಟ್ರಿಕ್ಸ್ ಸ್ವಿಚರಿಗೆ 3*2! ಅಂತ ಕಳಿಸಿದ್ರೆ 3ನೇದರ ಚಿತ್ರ, ಧ್ವನಿ ಎರಡೂ 2ನೇ ಔಟ್‌ಪುಟ್ಟಿಗೆ. ಆಮೇಲೆ 5*2$ ಅಂದ್ರೆ ಚಿತ್ರ ಹಾಗೇ ಇರುತ್ತೆ, ಧ್ವನಿ ಮಾತ್ರ ಕನ್ನಡ ಆಗುತ್ತೆ. ನಾಲ್ಕೇ ಅಕ್ಷರ!

ಈ ಅಕ್ಷರಗಳು ಓಡಾಡ್ತಿದ್ದ ಹಳೇ ದಾರಿ ಆರ್‌ಎಸ್-232. 1960ರಲ್ಲಿ ಬಂದ ಸ್ಟ್ಯಾಂಡರ್ಡು, ಹುಟ್ಟಿದ್ದು ಟೆಲಿಪ್ರಿಂಟರ್, ಮೋಡೆಮ್‌ಗಳಿಗಾಗಿ. 1969ರ 'ಸಿ' ಆವೃತ್ತಿ ಪ್ರಕಾರ ಕೇಬಲ್ 50 ಅಡಿ ಒಳಗೆ, ಅಂದ್ರೆ ಸಭಾಂಗಣ ದಾಟೋ ಹಾಗಿಲ್ಲ. ನೆಟ್‌ವರ್ಕ್ ಬಂದಾಗ ಕಂಪನಿಗಳು ಹೊಸ ಭಾಷೆ ಕಟ್ಟೋಕೆ ಹೋಗ್ಲಿಲ್ಲ, ಅವೇ ಅಕ್ಷರಗಳನ್ನ ಟೆಲ್ನೆಟ್ಟಿನ 23ನೇ ಪೋರ್ಟಿಗೆ ಹಾಕಿದ್ವು. ಬೀದರಿನಲ್ಲಿ ಕೂತು ಔರಾದಿನ ಪರದೆ ಬದಲಿಸಬಹುದು. ಆದ್ರೆ ಟೆಲ್ನೆಟ್ಟಿನಲ್ಲಿ ಪಾಸ್‌ವರ್ಡ್ ಕೂಡ ಬೆತ್ತಲೆಯಾಗೇ ಹೋಗುತ್ತೆ. ಎಸ್‌ಎಸ್‌ಎಚ್ ಇದ್ರೆ ಅದನ್ನೇ ಬಳಸಿ, ಇಲ್ದಿದ್ರೆ ವಿಪಿಎನ್ ಒಳಗಿಡಿ.

ನನ್ನ ಪ್ರಕಾರ ಇಲ್ಲಿ ನಿಜವಾದ ಬದಲಾವಣೆ ದೂರದ್ದಲ್ಲ, ಉತ್ತರದ್ದು. 5*2$ ಕಳಿಸಿದ್ರೆ ಸ್ವಿಚರ್ 'ಔಟ್ 2, ಇನ್ 5, ಆಡಿಯೋ' ಅಂತ ತಿರುಗಿ ಹೇಳುತ್ತೆ. ಅಲ್ಲಿ ಯಾರಾದ್ರೂ ಕೈಯಿಂದ ಬಟನ್ ಒತ್ತಿದ್ರೂ ಕೇಳದೇನೇ ತಿಳಿಸುತ್ತೆ. ಎಷ್ಟೋ ಪ್ರೋಗ್ರಾಮರುಗಳು ಈ ಉತ್ತರ ಓದೋದೇ ಇಲ್ಲ, ಕಳಿಸಿದ ತಕ್ಷಣ ಬಟನ್ನಿಗೆ ಹಸಿರು ಬಣ್ಣ ಹಚ್ಚಿಬಿಡ್ತಾರೆ. ಇಲ್ಲಿ ಸ್ಕ್ರೀನಲ್ಲಿ 'ಕನ್ನಡ' ಅಂತ ಹೊಳೀತಿರುತ್ತೆ, ಅಲ್ಲಿ ಹಿಂದಿನ ಸಾಲಿನ ಅಜ್ಜಿಗೆ ಇನ್ನೂ ಮರಾಠಿನೇ ಕೇಳಿಸ್ತಿರುತ್ತೆ. ಉತ್ತರ ಬಂದ ಮೇಲೇ ಬಣ್ಣ ಬದಲಿಸಿ.

ಅಂದಹಾಗೆ, ಗುಲ್ಬರ್ಗಾ, ರಾಯಚೂರು ಕಡೆಯ ಬ್ಲಾಗಿಗರೇ, ನಿಮ್ಮನೆಯಲ್ಲಿ ಆ ಒಂದು ವರ್ಷ ಶಾಲೆ ಅಂಗಳದಲ್ಲಿ ಟಿವಿ ನೋಡಿದವರು ಇದ್ರೆ ಕೇಳಿ ಬರೀತೀರಾ?