ಮೂರು ನಿಮಿಷದ ಊಟ



ದಾಸೋಹದಲ್ಲಿ ಉಣಬಡಿಸುವ ಕೈ ಅವಸರಪಡಬಾರದೆಂದು ನಾವು ಪದೇ ಪದೇ ಹೇಳುತ್ತ ಬಂದಿದ್ದೇವೆ. ಏಕೆ ಹೇಳುತ್ತೇವೆಂಬುದು ತಿಳಿಯಲೆಂದು ಅಮೇರಿಕಾ ದೇಶದಲ್ಲಿ ನಡೆದುದೊಂದನ್ನು ಇಂದು ನಿಮ್ಮ ಮುಂದಿಡುತ್ತೇವೆ.

ನ್ಯೂಯಾರ್ಕ್ ನಗರಕ್ಕೆ ಸೇರಿದ ಸ್ಟೇಟನ್ ಐಲ್ಯಾಂಡ್ ಎಂಬ ದ್ವೀಪದಲ್ಲಿ ವಿಲೋಬ್ರುಕ್ ಸರಕಾರಿ ಶಾಲೆ ಎಂಬುದೊಂದಿತ್ತು. ಹೆಸರಿಗೆ ಶಾಲೆ. ಯುದ್ಧಕಾಲದಲ್ಲಿ ಸೈನಿಕರ ಆಸ್ಪತ್ರೆಯಾಗಿದ್ದ ಆ ಕಟ್ಟಡಗಳಿಗೆ ೧೯೪೭ರಿಂದ ಬುದ್ಧಿ ಬೆಳೆಯದ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ತಂದು ಸೇರಿಸತೊಡಗಿದರು. ಹೆತ್ತವರು ಕಲ್ಲೆದೆಯವರೇನಲ್ಲ. ಇಂಥ ಮಗುವನ್ನು ಸಂಸ್ಥೆಗೆ ಒಪ್ಪಿಸಿ ಮರೆತುಬಿಡಿರೆಂದು ವೈದ್ಯರೇ ಬುದ್ಧಿ ಹೇಳುತ್ತಿದ್ದ ಕಾಲವದು. ೪,೦೦೦ ಜನರಿಗೆಂದು ಕಟ್ಟಿದ ಸ್ಥಳದಲ್ಲಿ ೧೯೬೦ರ ದಶಕದ ಹೊತ್ತಿಗೆ ೬,೦೦೦ಕ್ಕೂ ಮಿಕ್ಕಿ ಜನ ತುಂಬಿದ್ದರು. ೧೯೬೫ರಲ್ಲಿ ಸೆನೆಟರ್ ರಾಬರ್ಟ್ ಕೆನಡಿಯವರು ಬಂದು ನೋಡಿ, ಇದು ಹಾವುಗಳ ಗುಂಡಿ ಎಂದು ನೊಂದು ನುಡಿದರು. ಮಾತು ಪತ್ರಿಕೆಯಲ್ಲಿ ಬಂತು; ಮಕ್ಕಳು ಇದ್ದಲ್ಲಿಯೇ ಇದ್ದರು.

ಇಷ್ಟೇ ಅಲ್ಲ. ೧೯೫೬ರಿಂದ ಹಲವು ವರ್ಷ ಡಾಕ್ಟರ್ ಸಾಲ್ ಕ್ರುಗ್ಮನ್ ಎಂಬುವರು ಅಲ್ಲಿನ ಕೆಲವು ಮಕ್ಕಳಿಗೆ ಬೇಕೆಂದೇ ಕಾಮಾಲೆ ರೋಗದ ಸೋಂಕು ತಗುಲಿಸಿ ಪ್ರಯೋಗ ನಡೆಸಿದರು. ಹೆತ್ತವರ ಒಪ್ಪಿಗೆ ಇತ್ತೆಂದರು. ಸ್ಥಳವಿಲ್ಲವೆಂದು ಸಂಸ್ಥೆಯ ಬಾಗಿಲು ಮುಚ್ಚಿದ್ದಾಗಲೂ ಆ ಪ್ರಯೋಗದ ವಿಭಾಗದ ಬಾಗಿಲು ತೆರೆದಿತ್ತು. ಬೇರೆ ದಾರಿಯಿಲ್ಲದವರ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೆ?

ಇನ್ನು ಊಟದ ಮಾತು. ತಾನಾಗಿ ಉಣ್ಣಲಾರದ ಮಗುವಿಗೆ ಸಾವಕಾಶವಾಗಿ ತುತ್ತು ಕೊಡಲು ಅರ್ಧ ತಾಸಾದರೂ ಬೇಕು. ಅಲ್ಲಿ ಒಂದು ಮಗುವಿಗೆ ಸಿಗುತ್ತಿದ್ದುದು ಎರಡು ಮೂರು ನಿಮಿಷ. ಖರ್ಚು ಇಳಿಸಲೆಂದು ಸರಕಾರ ಹೊಸ ಸೇವಕರ ನೇಮಕ ನಿಲ್ಲಿಸಿತ್ತು. ಕೆಲವೆಡೆ ಐವತ್ತು ಮಕ್ಕಳಿಗೆ ಒಬ್ಬ ಸೇವಕ. ಅವನಾದರೂ ಏನು ಮಾಡಿಯಾನು? ತುರುಕಿದ. ತುರುಕಿದ ಅನ್ನ ಶ್ವಾಸನಾಳಕ್ಕಿಳಿದರೆ ನ್ಯುಮೋನಿಯಾ. ಅದರಿಂದ ಮಕ್ಕಳು ಸಾಯುತ್ತಾರೆಂದು ಅಲ್ಲಿ ದುಡಿದ ವೈದ್ಯರೇ ಹೇಳಿದರು. ಅನ್ನವಿದ್ದಲ್ಲಿಯೇ, ಅನ್ನದಿಂದಲೇ ಸಾವು! ನೀವು ಮಠಕ್ಕೆ ಚೀಲಗಟ್ಟಲೆ ದವಸ ತರುತ್ತೀರಿ, ಸಂತೋಷ. ಕುಳಿತು ಉಣಿಸುವ ಕೈಗಳನ್ನು ತರುವವರು ಕಡಿಮೆ.

೧೯೭೨ರ ಜನವರಿಯಲ್ಲಿ, ಹೆತ್ತವರ ಪರ ನಿಂತು ಕೆಲಸ ಕಳೆದುಕೊಂಡಿದ್ದ ಮೈಕೆಲ್ ವಿಲ್ಕಿನ್ಸ್ ಎಂಬ ತರುಣ ವೈದ್ಯರು, ತಮ್ಮಲ್ಲಿ ಉಳಿದಿದ್ದ ಬೀಗದ ಕೈಯಿಂದ ಬಾಗಿಲು ತೆರೆದು ಹೆರಾಲ್ಡೊ ರಿವೆರಾ ಎಂಬ ದೂರದರ್ಶನದ ವರದಿಗಾರರನ್ನು ಒಳಗೆ ಕರೆದೊಯ್ದರು. ಬೆತ್ತಲೆ ಮಕ್ಕಳು ಕತ್ತಲೆಯ ಕೋಣೆಯಲ್ಲಿ ನೆಲದ ಮೇಲೆ ನರಳುವುದನ್ನು ಜನ ಮನೆಯಲ್ಲಿ ಕುಳಿತು ಕಂಡರು. ಅದೇ ವರ್ಷ ಹೆತ್ತವರು ನ್ಯಾಯಾಲಯಕ್ಕೆ ಹೋದರು. ೧೯೭೫ರಲ್ಲಿ ಒಪ್ಪಂದವಾಗಿ, ಅಲ್ಲಿದ್ದವರನ್ನು ಊರೊಳಗಿನ ಚಿಕ್ಕ ಮನೆಗಳಿಗೆ ಕಳಿಸತೊಡಗಿದರು. ನಮ್ಮ ಓಣಿಯಲ್ಲಿ ಬೇಡವೆಂದು ತಡೆದ ನೆರೆಹೊರೆಯವರೂ ಇದ್ದರು. ೧೯೮೭ರಲ್ಲಿ ವಿಲೋಬ್ರುಕ್ ಮುಚ್ಚಿತು.

ಅಲ್ಲಿಂದ ಹೊರಬಂದವರಲ್ಲಿ ಬರ್ನಾರ್ಡ್ ಕ್ಯಾರಬೆಲ್ಲೊ ಒಬ್ಬರು. ಮೂರು ವರ್ಷದವರಿದ್ದಾಗ ಬುದ್ಧಿಯಿಲ್ಲದ ಮಗುವೆಂದು ಸೇರಿಸಿದ್ದರು. ಅವರ ಬುದ್ಧಿಗೆ ಯಾವ ಊನವೂ ಇರಲಿಲ್ಲ. ಮೈ ಮಾತ್ರ ಹೇಳಿದಂತೆ ಕೇಳುತ್ತಿರಲಿಲ್ಲ, ಮಾತು ತೊಡರುತ್ತಿತ್ತು. ಅದು ಗೊತ್ತಾಗಿ ಹೊರಬರುವಷ್ಟರಲ್ಲಿ ಹದಿನೆಂಟು ವರ್ಷ ಕಳೆದಿದ್ದವು. ಆ ತೊಡರುವ ಮಾತಿನಿಂದಲೇ ತಮ್ಮಂಥವರ ಪರವಾಗಿ ವಾದಿಸುವುದನ್ನು ಅವರು ಕಾಯಕ ಮಾಡಿಕೊಂಡರು.