ಬೇಸಿಗೆಯನ್ನು ದಾಟಿದ ಕೆಲ್ಪ್

ಚೀನದ ಜನ ಶತಮಾನಗಳಿಂದ ಕೆಲ್ಪ್ ತಿನ್ನುತ್ತ ಬಂದಿದ್ದಾರೆ. ಆದರೆ ಅದು ಅವರ ಕಡಲಿನದಲ್ಲ, ಜಪಾನಿನಿಂದ ಒಣಗಿಸಿ ತರಿಸುತ್ತಿದ್ದದ್ದು. ಚೀನದ ನೀರಿನಲ್ಲಿ ಈ ಕಡಲಕಳೆ ಮೊದಲು ಕಂಡದ್ದು 1927ರಲ್ಲಿ, ಡಾಲಿಯನ್ ಬಂದರಿನಲ್ಲಿ. ಜಪಾನಿನ ಕಡೆಯಿಂದ ಆಕಸ್ಮಿಕವಾಗಿ ಬಂದು ಬೇರೂರಿದ್ದಿರಬೇಕು ಎನ್ನುತ್ತಾರೆ. ಬೇರೂರಿತು ಎಂಬುದು ಮಾತಿಗೆ ಮಾತ್ರ. ಕೆಲ್ಪ್ ಕಂದು ಶೈವಲ, ಅದಕ್ಕೆ ಬೇರುಗಳಿಲ್ಲ. ಬಂಡೆಯನ್ನು ಹಿಡಿದುಕೊಳ್ಳುವ ಒಂದು ಹಿಡಿಕೆಯಷ್ಟೇ ಇದೆ. ಆಹಾರವನ್ನೆಲ್ಲ ಅದು ಎಲೆಯಂಥ ಪಟ್ಟಿಯ ಮೂಲಕವೇ ನೀರಿನಿಂದ ಹೀರುತ್ತದೆ.

ಕೆಲ್ಪ್‌ಗೆ ತಣ್ಣನೆಯ ನೀರು ಬೇಕು. ನಮ್ಮ ಕಾರವಾರದ ಬಂಡೆಗಳ ಮೇಲೆ ಸಾರ್ಗ್ಯಾಸಮ್ ಎಂಬ ಕಂದು ಶೈವಲ ಸಿಗುತ್ತದೆ, ಕೆಲ್ಪ್ ಸಿಗದು. ಚೀನದ ಚಿಂಗ್‌ಡಾವ್ ಬಳಿಯೂ ಬೇಸಿಗೆಯಲ್ಲಿ ಕಡಲು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಹಾಗಾಗಿ ಮೊದಮೊದಲು ಬೀಜಕಗಳನ್ನು ಶರತ್ಕಾಲದಲ್ಲಿ ಸಂಗ್ರಹಿಸಿ ನೇರವಾಗಿ ಕಡಲಿಗೆ ಬಿಡುತ್ತಿದ್ದರು. ಸಸಿಗಳು ಕಣ್ಣಿಗೆ ಕಾಣುವಷ್ಟಾಗುವ ಮೊದಲೇ ಬೇರೆ ಕಳೆಗಳು ಅವನ್ನು ಮುಚ್ಚಿಬಿಡುತ್ತಿದ್ದವು. ಉಳಿದವು ಬಲಿಯುವಷ್ಟರಲ್ಲಿ ಮತ್ತೆ ಬೇಸಿಗೆ!

ಈ ತೊಡಕನ್ನು ಬಿಡಿಸಿದವರು ತ್ಸೆಂಗ್ ಚೆಂಗ್‌ಕುಯಿ (1909–2005) ಮತ್ತು ಅವರ ಸಹೋದ್ಯೋಗಿಗಳು. ತ್ಸೆಂಗ್ 1942ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, 1946ರಲ್ಲಿ ತಾಯ್ನಾಡಿಗೆ ಮರಳಿದರು. ಆಗ ಚೀನದ ಒಳನಾಡುಗಳಲ್ಲಿ ಗಳಗಂಡ ರೋಗ ವ್ಯಾಪಕವಾಗಿತ್ತು. ಕೆಲ್ಪ್ ಅಯೊಡಿನ್ನಿನ ಕಣಜ. 1950ರ ದಶಕದ ಮಧ್ಯಭಾಗದಲ್ಲಿ ಅವರ ತಂಡ ಬೀಜಕಗಳನ್ನು ಬೇಸಿಗೆಯ ಆರಂಭದಲ್ಲೇ ಸಂಗ್ರಹಿಸಿತು. ಬೀಜಕದಿಂದ ಹುಟ್ಟುವುದು ಕೆಲ್ಪ್ ಅಲ್ಲ. ಗಂಡು, ಹೆಣ್ಣು ಎಂಬ ಸೂಕ್ಷ್ಮ ಎಳೆಗಳು. ಅವುಗಳ ಕೂಡುವಿಕೆಯಿಂದ ಸಸಿ. ಈ ನಾಜೂಕು ಹಂತವನ್ನು ಗಾಜಿನ ಮನೆಯೊಳಗೆ, ಸುಮಾರು 10 ಡಿಗ್ರಿಗೆ ತಣಿಸಿದ ಸಮುದ್ರದ ನೀರಿನಲ್ಲಿ ಕಳೆಯುವಂತೆ ಮಾಡಿ, ಕಡಲು ತಂಪಾದ ಮೇಲೆ ಸಸಿಗಳನ್ನು ಹೊರಗೆ ಒಯ್ದರು. ಬೆಳೆಗೆ ಹೆಚ್ಚುವರಿ ತಿಂಗಳುಗಳು ದೊರೆತವು. ಇದರ ತಿರುಳು ಶೈತ್ಯಯಂತ್ರವೇ ಎಂದು ಭೌತಶಾಸ್ತ್ರದವನಾದ ನಾನು ಹೆಮ್ಮೆಪಟ್ಟರೆ ಜೀವವಿಜ್ಞಾನದ ಗೆಳೆಯರು ಒಪ್ಪಲಾರರು.

ಸಸಿ ಕಟ್ಟಿದ ಹಗ್ಗಗಳನ್ನು ತೇಲುವ ಆಸರೆಗಳಿಂದ ಇಳಿಬಿಡುತ್ತಾರೆ. ನೀರಿನಲ್ಲಿ ಬೆಳಕು ಆಳದೊಂದಿಗೆ ಘಾತೀಯವಾಗಿ ಕುಗ್ಗುತ್ತದೆ; ಆದ್ದರಿಂದ ಹಗ್ಗವನ್ನು ಏರಿಸಿ ಇಳಿಸಿದರೆ ಸಸಿಗೆ ಬೇಕಾದಷ್ಟೇ ಬೆಳಕು ಕೊಡಬಹುದು. ಸಾರಜನಕ ಕಡಿಮೆಯಿದ್ದ ನೀರಿನಲ್ಲಿ ಗೊಬ್ಬರ ತುಂಬಿದ ಮಣ್ಣಿನ ಮಡಕೆಗಳನ್ನು ತೂಗುಹಾಕಿದರು. ಅದು ರಂಧ್ರಗಳಿಂದ ನಿಧಾನವಾಗಿ ಜಿನುಗುತ್ತಿತ್ತು. ಬೆಳೆ ದಕ್ಷಿಣದ ಫುಜಿಯಾನ್‌ವರೆಗೂ ಹಬ್ಬಿತು. ಫಾಂಗ್ ಝೋಂಗ್‌ಶಿ ಅವರು ತಳಿ ಸುಧಾರಣೆಯನ್ನೂ ಆರಂಭಿಸಿದರು.

1969ರಲ್ಲಿ ಜಗತ್ತಿನ ಕಡಲಕಳೆಯ ಉತ್ಪನ್ನ 22 ಲಕ್ಷ ಟನ್. ಅರ್ಧ ಕೃಷಿಯದು, ಅರ್ಧ ಕಾಡಿನದು. 2019ರಲ್ಲಿ ಕೃಷಿಯ ಪಾಲು 347 ಲಕ್ಷ ಟನ್‌ಗೆ ಏರಿತ್ತು; ಕಾಡಿನದು ಇದ್ದಲ್ಲೇ, 11 ಲಕ್ಷ. ಹಾಗಾದರೆ ಕಾಡಿನ ಮೇಲಿನ ಹೊರೆ ಇಳಿಯಿತಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಕೊಯ್ಲಿನ ಮಟ್ಟಿಗೆ ಹೌದೆನ್ನಬಹುದು. ಆದರೆ ಕೆಲ್ಪ್ ಕಾಡುಗಳನ್ನು ಈಗ ತಿನ್ನುತ್ತಿರುವುದು ಕುಡುಗೋಲಲ್ಲ. ಉತ್ತರ ಕ್ಯಾಲಿಫೋರ್ನಿಯದಲ್ಲಿ 2013ರಿಂದ ರೋಗದಿಂದ ಕಡಲ ನಕ್ಷತ್ರಗಳು ಸತ್ತವು. ಅವು ತಿನ್ನುತ್ತಿದ್ದ ಕಡಲ ಮುಳ್ಳುಚೆಂಡುಗಳು ಮಿತಿಮೀರಿದವು. 2014–16ರಲ್ಲಿ ಕಡಲೂ ಬಿಸಿಯೇರಿತು. ಅಲ್ಲಿನ ಕೆಲ್ಪ್ ಕಾಡಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನಾಶವಾಯಿತು. ಹಗ್ಗದ ಮೇಲಿನ ಬೆಳೆ ಇದನ್ನು ತುಂಬಿಕೊಡಲಾರದು. ಬೇಸಿಗೆ ಬಂತೆಂದರೆ ಅದನ್ನು ಕೊಯ್ದು ಸಾಗಿಸುತ್ತಾರೆ, ಮೀನುಗಳಿಗೆ ವರ್ಷಪೂರ್ತಿ ಆಸರೆ ಎಲ್ಲಿಯದು?

ಇನ್ನೊಂದು ಸಂಗತಿಯಿದೆ. ಹೊರಗಿನಿಂದ ಬಂದ ಕೆಲವೇ ಕೆಲ್ಪ್‌ಗಳ ಸಂತತಿಯಾದ್ದರಿಂದ ಚೀನದ ಬೆಳೆಯಲ್ಲಿ ಆನುವಂಶಿಕ ವೈವಿಧ್ಯ ಕಡಿಮೆ. ಹೆಚ್ಚು ಶಾಖ ತಾಳುವ ತಳಿ ಬೇಕೆಂದರೆ ಹೊಸ ಗುಣಗಳನ್ನು ಹುಡುಕಬೇಕಾದದ್ದು ಕಾಡು ಕೆಲ್ಪ್‌ನಲ್ಲೇ. ಅದರ ತವರಾದ ಜಪಾನಿನ ಹೊಕ್ಕೈಡೊ ತೀರದಲ್ಲಿ ಕಡಲು ಬೆಚ್ಚಗಾಗುತ್ತಿದ್ದು, ಕಾಡು ಕೆಲ್ಪ್‌ನ ಇಳುವರಿ ದಶಕಗಳಿಂದ ಇಳಿಯುತ್ತಲೇ ಇದೆ.