ಹಳೆಯ ವಿಮಾನದ ಹಲ್ಲು

ನಮ್ಮ ತಾತ ಹಿರಿಯೂರಿನ ಸಂತೆಯಿಂದ ಎತ್ತು ಹೊಡೆದುಕೊಂಡು ಬಂದರೆ, ಅಜ್ಜಿ ಕೂಡಲೇ ಆರತಿ ತರುತ್ತಿರಲಿಲ್ಲ. ಸುತ್ತ ಒಂದು ಬಾರಿ ಬಂದು, ಹಲ್ಲು ನೋಡಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸುತ್ತಿದ್ದಳು. "ಮಾರೋನ ಮಾತು ಮಾರೋನದ್ದು, ಎತ್ತಿನ ಕಾಲು ಎತ್ತಿನದ್ದು" ಎನ್ನುವುದು ಅವಳ ಲೆಕ್ಕ.

ಹೊಳಲ್ಕೆರೆಯಿಂದ ತಂಗಿ ಫೋನು ಮಾಡಿ ಅತ್ತಾಗ ಇದು ನೆನಪಾಯಿತು. ಮಗಳು ವಿಮಾನ ಹಾರಿಸುವುದನ್ನು ಕಲಿಯಲು ಹೊರಟಿದ್ದಳು. "ಅಕ್ಕಾ, ಅಲ್ಲಿರೋ ವಿಮಾನಕ್ಕೆ ಇವಳಿಗಿಂತ ವಯಸ್ಸಾಗಿದೆಯಂತೆ. ಯಾರೋ ಬಳಸಿ ಮಾರಿದ್ದಂತೆ. ಹೇಗೆ ಕಳಿಸಲಿ?" ಸುಮ್ಮನೆ ಧೈರ್ಯ ಹೇಳಲು ಮನಸ್ಸಾಗಲಿಲ್ಲ. ಹಳೆಯ ವಿಮಾನಗಳ ಕಥೆ ಹುಡುಕಿಕೊಂಡು ಹೋದೆ.

ದೂರ ಹೋಗಬೇಕಾಗಲಿಲ್ಲ. ಬೆಂಗಳೂರಿನಲ್ಲಿ 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೇ ಹಳೆಯ ವಿಮಾನಗಳ ದೊಡ್ಡ ಆಸ್ಪತ್ರೆಯಾಗಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ಭಾರಿ ಬಾಂಬರುಗಳನ್ನು ಬ್ರಿಟಿಷರು ಕಾನ್ಪುರದಲ್ಲೇ ಬಿಟ್ಟುಹೋದರು. ಬಿಡುವಾಗ, ಮತ್ತೆ ಯಾರೂ ಹಾರಿಸಬಾರದೆಂದು ಬೇಕೆಂದೇ ಕೆಡಿಸಿದ್ದರು. ನಮ್ಮ ಕೆಲಸಗಾರರು ಅವುಗಳಿಗೆ ತೇಪೆ ಹಾಕಿದರು. ಜಮ್‌ಶೆಡ್ ಮುನ್ಷಿ ಎಂಬ ಪೈಲಟ್ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ 1948ರಿಂದ ವಾಯುಪಡೆ ಸೇರಿದ ಆ ವಿಮಾನಗಳು 1968ರವರೆಗೆ ದುಡಿದವು. ಅವುಗಳಲ್ಲೊಂದು ಈಗ ಲಂಡನ್ನಿನ ಹೆಂಡನ್ ಮ್ಯೂಸಿಯಮ್ಮಿನಲ್ಲಿದೆ. ಕೆಡಿಸಿದವರ ಊರಿಗೇ ಮರಳಿ ಹೋಗಿ ನಿಂತಿದೆ!

ತರಬೇತಿಯ ಪುಟ್ಟ ವಿಮಾನಕ್ಕೂ ಇದೇ ನ್ಯಾಯ. ಅದರ ವಯಸ್ಸನ್ನು ವರ್ಷದಲ್ಲಷ್ಟೇ ಎಣಿಸಿದರೆ ಸಾಲದು, ಹಾರಿದ ಗಂಟೆಗಳಲ್ಲೂ ಎಣಿಸಬೇಕು. 1956ರಿಂದ ಮಾರುಕಟ್ಟೆಗೆ ಬಂದ ಸೆಸ್ನಾ 172ರಂಥ ವಿಮಾನದ ಎಂಜಿನ್ನನ್ನು ಸುಮಾರು 2,000 ಗಂಟೆಗೊಮ್ಮೆ ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸುತ್ತಾರೆ. ಹಳೆಯದನ್ನು ಕೊಳ್ಳುವವರು ಬಣ್ಣಕ್ಕೆ ಮರುಳಾಗಬಾರದು. ಮೊದಲು ಕೇಳಬೇಕಾದದ್ದು ಲಾಗ್ ಪುಸ್ತಕ. ಎಷ್ಟು ಗಂಟೆ ಹಾರಿದೆ, ಯಾವಾಗ ಏನು ಬದಲಾಯಿಸಿದರು, ಎಲ್ಲಾದರೂ ಬಿದ್ದಿತ್ತೆ ಎಂಬುದೆಲ್ಲ ಅದರಲ್ಲಿರಬೇಕು. ನಡುವೆ ಪುಟಗಳಿಲ್ಲದಿದ್ದರೆ ಅಗ್ಗವಾದರೂ ಬೇಡ. ಹೆಚ್ಚು ಹಾರಿದ ವಿಮಾನಕ್ಕಿಂತ ವರ್ಷಗಟ್ಟಲೆ ಸುಮ್ಮನೆ ನಿಂತದ್ದು ಕೆಟ್ಟಿರಬಹುದು, ಏಕೆಂದರೆ ತುಕ್ಕು ಒಳಗಿನಿಂದ ತಿನ್ನುತ್ತದೆ. ಪರೀಕ್ಷೆ ಮಾಡುವ ಎಂಜಿನಿಯರು ನಮ್ಮವನಾಗಿರಬೇಕು, ಮಾರುವವನ ಕಡೆಯವನಲ್ಲ. ಹಾರಲು ಯೋಗ್ಯವೆಂಬ ಸರ್ಕಾರದ ಪತ್ರ ಚಾಲ್ತಿಯಲ್ಲಿರಬೇಕು. ಕೊಂಡ ಬೆಲೆಯ ಜೊತೆಗೆ ಸಾಕುವ ಖರ್ಚೂ ಇದೆ. ಎತ್ತು ಕೊಂಡವನಿಗೆ ಮೇವಿನ ಚಿಂತೆ ತಪ್ಪೀತೆ?

ಇದೆಲ್ಲ ಗಂಡಸರ ವ್ಯವಹಾರವೆಂದು ನೀವು ಪುಟ ತಿರುಗಿಸಬೇಡಿ. ಉಷಾ ಸುಂದರಂ 1949ರಲ್ಲಿ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ತರಬೇತಿ ಶಾಲೆಯಲ್ಲಿ ಕಲಿತು ಪೈಲಟ್ ಆದವರು. ಗಂಡ ವಿ. ಸುಂದರಂ ಅವರ ಜೊತೆಗೆ ಮೈಸೂರು ಮಹಾರಾಜರ ಡಕೋಟಾ ಹಾರಿಸಿದರು. ಮದ್ರಾಸ್ ಸರ್ಕಾರಕ್ಕೆ ಡವ್ ಎಂಬ ಎರಡು ಎಂಜಿನ್ನಿನ ಸಣ್ಣ ವಿಮಾನ ಬೇಕಾದಾಗ, ದಂಪತಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಅದನ್ನು ಕೊಂಡರು. ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ಹಾರಿಸಿಯೂ ತಂದರು. ಹೆಂಗಸರು ಪೇಟೆಯಿಂದ ಬಸ್ಸಿನಲ್ಲಿ ಒಬ್ಬರೇ ಬಂದರೆ ಬೀದಿಯೆಲ್ಲ ಮಾತಾಡುತ್ತಿದ್ದ ಕಾಲವದು.

ತಂಗಿಗೆ ನಾನು ಹೇಳಿದ್ದು ಇಷ್ಟೇ: "ವಯಸ್ಸೆಷ್ಟು ಅಂತ ಕೇಳಬೇಡ. ಪುಸ್ತಕ ತೋರಿಸಿ ಅಂತ ಕೇಳು." ತಂಗಿ ಕೇಳಲಿಲ್ಲ, ಮಗಳು ಕೇಳಿದಳಂತೆ. ತೋರಿಸಿದರಂತೆ.

ಮೊದಲ ಹಾರಾಟದ ಸಂಜೆ ಹುಡುಗಿ ಫೋನು ಮಾಡಿದಳು. ಹತ್ತುವ ಮುಂಚೆ ವಿಮಾನದ ಸುತ್ತ ಬಂದು, ರೆಕ್ಕೆ ಮುಟ್ಟಿ, ಟಯರು ನೋಡಿ, ಪೆಟ್ರೋಲಿನಲ್ಲಿ ನೀರು ಸೇರಿದೆಯೇ ಎಂದು ಗಾಜಿನ ಲೋಟಕ್ಕೆ ಇಳಿಸಿ ಪರೀಕ್ಷಿಸಬೇಕಂತೆ. "ದಿನಾ ಮಾಡ್ಬೇಕು ದೊಡ್ಡಮ್ಮ, ನಿನ್ನೆ ಸರಿಯಿತ್ತು ಅಂತ ಬಿಡೋ ಹಾಗಿಲ್ಲ" ಎಂದಳು. ನನಗೆ ಅಂಗಳದಲ್ಲಿ ಎತ್ತಿನ ಸುತ್ತ ನಡೆಯುತ್ತಿದ್ದ ಅಜ್ಜಿ ಕಂಡಳು.

ತಂಗಿಗೆ ಮಾತ್ರ ಭಯ ಪೂರ್ತಿ ಹೋಗಿಲ್ಲ. ಹೊಳಲ್ಕೆರೆಯ ಬಯಲು ಗಣಪನಿಗೆ ಹರಕೆ ಹೊತ್ತಿದ್ದಾಳೆ. ತಲೆಯ ಮೇಲೆ ಸೂರಿಲ್ಲದ ದೇವರು, ಆಕಾಶ ನೋಡುತ್ತಲೇ ಇರುತ್ತಾನೆ ಎಂಬುದು ಅವಳ ಸಮಾಧಾನ.